ಎಲೆಕ್ಟ್ರಾನಿಕ್ ಟ್ರಿಪ್ ಘಟಕ (ಏರ್ ಸರ್ಕ್ಯೂಟ್ ಬ್ರೇಕರ್)

ಎಲೆಕ್ಟ್ರಾನಿಕ್ ಟ್ರಿಪ್ ಘಟಕವು ಏರ್ ಸರ್ಕ್ಯೂಟ್ ಬ್ರೇಕರಿನಲ್ಲಿ ಅಳವಡಿಸಲಾಗುವ ರಕ್ಷಣಾ ಸಾಧನ. ಬ್ರೇಕರಿನ ಮೂಲಕ ಹರಿಯುವ ವಿದ್ಯುತ್ ಪ್ರವಾಹವನ್ನು ಅದು ಸತತವಾಗಿ ಅಳೆಯುತ್ತದೆ. ಪ್ರವಾಹ ಮಿತಿ ಮೀರಿದಾಗ ಬ್ರೇಕರ್ ತೆರೆಯಬೇಕೇ, ತೆರೆಯುವುದಾದರೆ ಎಷ್ಟು ಹೊತ್ತಿನ ಬಳಿಕ ಎಂಬುದನ್ನು ನಿರ್ಧರಿಸುತ್ತದೆ. ಭಾರತದ ಕಾರ್ಖಾನೆಗಳಲ್ಲಿ ಇದನ್ನು ‘ರಿಲೀಸ್’ ಎಂದೂ, ಬ್ರೇಕರನ್ನು ‘ಎಸಿಬಿ’ ಎಂದೂ ಕರೆಯುವುದು ರೂಢಿ. ಇಲ್ಲಿ ‘ತೆರೆಯುವುದು’ ಎಂದರೆ ಪ್ರವಾಹದ ದಾರಿಯನ್ನು ಕಡಿಯುವುದು. ನೀರಿನ ನಲ್ಲಿಯ ಮಾತಿಗೆ ಇದು ತಿರುವುಮುರುವಾದುದರಿಂದ ಹೊಸದಾಗಿ ಕಲಿಯುವವರು ಇಲ್ಲಿ ಎಡವುವುದುಂಟು.

ಬೆಂಗಳೂರಿನ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್ ಪ್ರದೇಶಗಳ ಕಾರ್ಖಾನೆ ಹಾಗೂ ಕಚೇರಿ ಸಮುಚ್ಚಯಗಳಲ್ಲಿ, 11 ಕಿಲೋವೋಲ್ಟ್ ಪೂರೈಕೆಯನ್ನು 433 ವೋಲ್ಟಿಗೆ ಇಳಿಸುವ ಪರಿವರ್ತಕದ ಪಕ್ಕದ ಮುಖ್ಯ ಪ್ಯಾನೆಲ್ ಬೋರ್ಡಿನಲ್ಲಿ ಇಂತಹ ಬ್ರೇಕರುಗಳನ್ನು ಕಾಣಬಹುದು. ಅಲ್ಲಿ ಒಂದೇ ಪ್ಯಾನೆಲ್‌ಗೆ ಒಮ್ಮೆ ಬೆಸ್ಕಾಂ ಪೂರೈಕೆ, ಇನ್ನೊಮ್ಮೆ ಡೀಸೆಲ್ ಜನರೇಟರ್ ವಿದ್ಯುತ್ ಒದಗಿಸುತ್ತದೆ. ಈ ಎರಡು ಮೂಲಗಳ ಸ್ವಭಾವ ಬೇರೆ ಬೇರೆ. ಆದ್ದರಿಂದ ಟ್ರಿಪ್ ಘಟಕದ ಆಯ್ಕೆಯು ಬೆಲೆಪಟ್ಟಿ ನೋಡಿ ಮುಗಿಸುವ ಕೆಲಸವಲ್ಲ.

ಹಿನ್ನೆಲೆ

ಏರ್ ಸರ್ಕ್ಯೂಟ್ ಬ್ರೇಕರಿನಲ್ಲಿ ಸಂಪರ್ಕಗಳು ವಾತಾವರಣದ ಗಾಳಿಯಲ್ಲಿಯೇ ಬೇರ್ಪಡುತ್ತವೆ. ಆಗ ಹುಟ್ಟುವ ವಿದ್ಯುತ್ ಚಾಪವು ಲೋಹದ ಹಲಗೆಗಳ ಗೂಡಿನೊಳಗೆ ಹೊಕ್ಕು, ತುಂಡುತುಂಡಾಗಿ, ತಣಿದು ಆರುತ್ತದೆ. ಸಾಮಾನ್ಯವಾಗಿ 630 ಆಂಪಿಯರಿನಿಂದ 6300 ಆಂಪಿಯರ್‌ವರೆಗಿನ ಗಾತ್ರಗಳಲ್ಲಿ ಇವು ದೊರೆಯುತ್ತವೆ. ಬ್ರೇಕರ್ ದೇಹಬಲವುಳ್ಳ ಯಂತ್ರವಷ್ಟೇ. ಎಂದು ತೆರೆಯಬೇಕೆಂಬ ಬುದ್ಧಿ ಟ್ರಿಪ್ ಘಟಕದ್ದು.

ಹಳೆಯ ಬ್ರೇಕರುಗಳಲ್ಲಿ ಈ ಕೆಲಸವನ್ನು ವಿದ್ಯುತ್ಕಾಂತ ಮತ್ತು ಎಣ್ಣೆಯ ಕೊಳವೆ ಸೇರಿ ಮಾಡುತ್ತಿದ್ದವು. ಪ್ರವಾಹ ಹೆಚ್ಚಿದಾಗ ಕಾಂತವು ಒಂದು ಕೊಂತವನ್ನು ಎಳೆಯುತ್ತಿತ್ತು. ಎಣ್ಣೆಯ ಅಡ್ಡಿ ಅದನ್ನು ನಿಧಾನಗೊಳಿಸುತ್ತಿತ್ತು. ಎಣ್ಣೆ ಹಳತಾದಂತೆ, ಧೂಳು ಸೇರಿದಂತೆ, ಚಳಿ ಬಿಸಿಲುಗಳಿಗೆ ತಕ್ಕಂತೆ ಕಾಲವೂ ಬದಲಾಗುತ್ತಿತ್ತು. ಬಾಗುವ ದ್ವಿಲೋಹ ಪಟ್ಟಿಯ ವಿಧಾನದಲ್ಲಿಯೂ ಸುತ್ತಲಿನ ಉಷ್ಣತೆಯ ಪ್ರಭಾವ ಇದ್ದೇ ಇತ್ತು. ಮೊದಲು ಟ್ರಾನ್ಸಿಸ್ಟರ್ ಮಂಡಲಗಳು, ಅನಂತರ ಮೈಕ್ರೋಪ್ರೊಸೆಸರುಗಳು ಇವುಗಳ ಸ್ಥಾನವನ್ನು ಪಡೆದವು.

ಬೆಂಗಳೂರಿಗೆ ಸ್ವಿಚ್‌ಗೇರ್ ಉದ್ಯಮ ಹೊಸದಲ್ಲ. ಜರ್ಮನಿಯ ಎಇಜಿ ಸಂಸ್ಥೆಯ ತಾಂತ್ರಿಕ ಸಹಯೋಗದಿಂದ ಬೈಯಪ್ಪನಹಳ್ಳಿಯಲ್ಲಿ ಬೆಳೆದ ಎನ್‌ಜಿಇಎಫ್ ಕಾರ್ಖಾನೆಯು ಪರಿವರ್ತಕ, ಮೋಟಾರುಗಳ ಜೊತೆಗೆ ಸ್ವಿಚ್‌ಗೇರನ್ನೂ ತಯಾರಿಸುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಕೇಂದ್ರ ಕಚೇರಿ ಈ ನಗರದಲ್ಲಿದೆ. ಬ್ರೇಕರುಗಳಿಗೆ ಬೇಕೆಂದೇ ಹ್ರಸ್ವಮಂಡಲದ ಪ್ರವಾಹವನ್ನು ಹಾಯಿಸಿ ಅವುಗಳ ತಾಳಿಕೆಯನ್ನು ಪರೀಕ್ಷಿಸುವ ಪ್ರಯೋಗಾಲಯ ಅಲ್ಲಿದೆ. ಕೆಯೋನಿಕ್ಸ್ ಸಂಸ್ಥೆ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ ಮತ್ತು ಸಣ್ಣ ಕಾರ್ಖಾನೆಗಳ ಪೀಣ್ಯ ಎರಡೂ 1970ರ ದಶಕದ ಕೊನೆಯ ಹೊತ್ತಿಗೆ ತಲೆಯೆತ್ತಿದವು. ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕು 1990ರ ದಶಕದ್ದು.

ರಚನೆ

ಬ್ರೇಕರಿನ ಪ್ರತಿಯೊಂದು ಫೇಸಿನ ತಾಮ್ರದ ಪಟ್ಟಿಯ ಸುತ್ತಲೂ ಪ್ರವಾಹ ಪರಿವರ್ತಕ, ಅಂದರೆ ಸಿಟಿ, ಇರುತ್ತದೆ. ಕಬ್ಬಿಣದ ತಿರುಳಿನ ಸಿಟಿಯು ಘಟಕಕ್ಕೆ ಬೇಕಾದ ಶಕ್ತಿಯನ್ನು ಮುಖ್ಯ ಪ್ರವಾಹದಿಂದಲೇ ಒದಗಿಸುತ್ತದೆ. ಆದ್ದರಿಂದ ಮೂಲಭೂತ ರಕ್ಷಣೆಗೆ ಹೊರಗಿನ ಬ್ಯಾಟರಿ ಬೇಕಾಗಿಲ್ಲ. ನಿಖರ ಅಳತೆಗಾಗಿ ಅನೇಕ ಘಟಕಗಳಲ್ಲಿ ತಿರುಳಿಲ್ಲದ ರೊಗೋವ್‌ಸ್ಕಿ ಸುರುಳಿಯೂ ಇರುತ್ತದೆ. ಮೈಕ್ರೋಪ್ರೊಸೆಸರ್ ಆಜ್ಞೆ ಕೊಟ್ಟಾಗ ಒಂದು ಚಿಕ್ಕ ಕಾಂತೀಯ ಸಾಧನವು ಕೊಂಡಿಯನ್ನು ಬಿಡಿಸುತ್ತದೆ. ಮೊದಲೇ ಬಿಗಿದಿಟ್ಟ ಸ್ಪ್ರಿಂಗು ಸಂಪರ್ಕಗಳನ್ನು ಬೇರ್ಪಡಿಸುತ್ತದೆ.

ಘಟಕವು ಪ್ರವಾಹದ ನಿಜವಾದ ಆರ್‌ಎಂಎಸ್ ಮೌಲ್ಯವನ್ನು ಅಳೆಯುವುದು ಮುಖ್ಯ. ಅಲೆಯ ಶಿಖರವನ್ನು ಮಾತ್ರ ನೋಡುತ್ತಿದ್ದ ಆರಂಭದ ಕೆಲವು ಘಟಕಗಳು, ಅಲೆಯ ಆಕಾರ ಕೆಟ್ಟಿರುವ ಕಡೆ ಕಾರಣವಿಲ್ಲದೆ ಬ್ರೇಕರನ್ನು ತೆರೆಯುತ್ತಿದ್ದವು, ಇಲ್ಲವೇ ತೆರೆಯಬೇಕಾದಾಗ ಸುಮ್ಮನಿರುತ್ತಿದ್ದವು. ಯುಪಿಎಸ್, ಮೋಟಾರಿನ ವೇಗ ನಿಯಂತ್ರಕ, ಇಂಡಕ್ಷನ್ ಕುಲುಮೆ ಇರುವ ಸ್ಥಾವರಗಳಲ್ಲಿ ಅಲೆಯ ಆಕಾರ ಕೆಡುವುದು ನಿತ್ಯದ ಸಂಗತಿ.

ನಾಲ್ಕು ರಕ್ಷಣೆಗಳು

ಟ್ರಿಪ್ ಘಟಕಗಳನ್ನು ಅವುಗಳಲ್ಲಿರುವ ರಕ್ಷಣೆಗಳ ಮೊದಲಕ್ಷರಗಳಿಂದ ಎಲ್‌ಐ, ಎಲ್‌ಎಸ್‌ಐ, ಎಲ್‌ಎಸ್‌ಐಜಿ ಎಂದು ಗುರುತಿಸುವುದು ವಾಡಿಕೆ.

‘ಎಲ್’ ದೀರ್ಘಕಾಲದ ಅತಿಹೊರೆಯ ರಕ್ಷಣೆ. ಇದನ್ನು ಬ್ರೇಕರಿನ ಗಾತ್ರದ ಸುಮಾರು 0.4ರಿಂದ 1 ಪಟ್ಟಿನವರೆಗೆ ಹೊಂದಿಸಬಹುದು. ಐಎಸ್/ಐಇಸಿ 60947-2 ಮಾನಕದ ಪ್ರಕಾರ, ಹೊಂದಿಸಿದ ಮೌಲ್ಯದ 1.05 ಪಟ್ಟು ಪ್ರವಾಹಕ್ಕೆ ಎರಡು ಗಂಟೆಯೊಳಗೆ ಬ್ರೇಕರ್ ತೆರೆಯಕೂಡದು, 1.30 ಪಟ್ಟಿಗೆ ಎರಡು ಗಂಟೆಯೊಳಗೆ ತೆರೆಯಲೇಬೇಕು. ಕೇಬಲ್ಲು ಬಿಸಿಯಾಗುವುದು ಪ್ರವಾಹದ ವರ್ಗಕ್ಕೆ ಅನುಗುಣವಾಗಿ. ಆದ್ದರಿಂದ ಪ್ರವಾಹ ಎರಡು ಪಟ್ಟಾದರೆ ಬ್ರೇಕರ್ ಕಾಯುವ ಕಾಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕಾಲವನ್ನು ಹೇಳುವಾಗ ಕೆಲವು ತಯಾರಕರು 6 ಪಟ್ಟು ಪ್ರವಾಹವನ್ನೂ ಇನ್ನು ಕೆಲವರು 3 ಪಟ್ಟು ಪ್ರವಾಹವನ್ನೂ ಆಧಾರವಾಗಿಟ್ಟುಕೊಳ್ಳುತ್ತಾರೆ. ಒಂದರಲ್ಲಿ ‘12 ಸೆಕೆಂಡು’ ಎಂದಿರುವುದು ಇನ್ನೊಂದರ ಭಾಷೆಯಲ್ಲಿ 3 ಸೆಕೆಂಡಿಗೆ ಸಮ. ಹಳೆಯ ಘಟಕವನ್ನು ಬೇರೆ ಕಂಪನಿಯದರಿಂದ ಬದಲಿಸುವಾಗ ಮುಖಫಲಕದ ಅಂಕಿಗಳನ್ನು ಹಾಗೆಯೇ ನಕಲು ಮಾಡುವವರು ಗಮನಿಸಬೇಕಾದ ಅಂಶವಿದು.

‘ಎಸ್’ ಅಲ್ಪಕಾಲ ತಡೆದು ತೆರೆಯುವ ರಕ್ಷಣೆ. ಹ್ರಸ್ವಮಂಡಲವಾಗಿದೆಯೆಂದು ತಿಳಿದರೂ ಬ್ರೇಕರ್ 0.1ರಿಂದ 0.4 ಸೆಕೆಂಡಿನಷ್ಟು ಉದ್ದೇಶಪೂರ್ವಕವಾಗಿ ಕಾಯುತ್ತದೆ. ‘ಐ’ ಕಾಯದೆ ತೆರೆಯುವ ತತ್‌ಕ್ಷಣದ ರಕ್ಷಣೆ. ‘ಜಿ’ ಭೂದೋಷದ ರಕ್ಷಣೆ, ಅಂದರೆ ಪ್ರವಾಹ ತನ್ನ ದಾರಿ ಬಿಟ್ಟು ಲೋಹದ ಕವಚ ಅಥವಾ ನೆಲದ ಮೂಲಕ ಹಿಂದಿರುಗುತ್ತಿರುವುದನ್ನು ಗುರುತಿಸುವುದು. ನೂರಾರು ಆಂಪಿಯರುಗಳಲ್ಲಿ ಹೊಂದಿಸಲಾಗುವ ಈ ರಕ್ಷಣೆ ಯಂತ್ರವನ್ನೂ ಕಟ್ಟಡವನ್ನೂ ಬೆಂಕಿಯಿಂದ ಕಾಯುವುದಕ್ಕೆ ಇರುವುದು. ತಂತಿ ಮುಟ್ಟಿದ ಮನುಷ್ಯನನ್ನು ಅದು ಕಾಯುವುದಿಲ್ಲ. ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೇ ಬೇಕು. ಎರಡನ್ನೂ ಒಂದೇ ಎಂದು ತಿಳಿಯುವುದು ಪ್ರಾಣಾಪಾಯದ ತಪ್ಪು.

ಯಾವುದು ಮೊದಲು ತೆರೆಯಬೇಕು

ಗದ್ದೆಯೊಂದರ ಬದು ಒಡೆದರೆ ಆ ಗದ್ದೆಯ ಕಾಲುವೆಯನ್ನು ಕಟ್ಟುತ್ತಾರೆ. ಕೆರೆಯ ತೂಬನ್ನು ಮುಚ್ಚುವುದಿಲ್ಲ. ವಿದ್ಯುತ್ ವಿತರಣೆಯಲ್ಲಿಯೂ ದೋಷಕ್ಕೆ ಅತಿ ಸಮೀಪದ ಬ್ರೇಕರ್ ಮಾತ್ರ ತೆರೆಯಬೇಕೆಂಬ ಈ ನಿಯಮವನ್ನು ವಿವೇಚನಾ ರಕ್ಷಣೆ ಎನ್ನಬಹುದು. ಹ್ರಸ್ವಮಂಡಲದ ಪ್ರವಾಹ ಮೂಲದಿಂದ ದೋಷದವರೆಗಿನ ಎಲ್ಲ ಬ್ರೇಕರುಗಳ ಮೂಲಕವೂ ಹರಿಯುತ್ತದೆ. ಎಲ್ಲವೂ ಏಕಕಾಲಕ್ಕೆ ಅದನ್ನು ಕಾಣುತ್ತವೆ. ಮೇಲಿನದು ಕೆಳಗಿನದಕ್ಕೆ ಅವಕಾಶ ಕೊಟ್ಟು ಕಾಯದಿದ್ದರೆ, ಒಂದು ಲೇತಿನ ಕೇಬಲ್ ಸುಟ್ಟದ್ದಕ್ಕೆ ಇಡೀ ಕಾರ್ಖಾನೆ ಕತ್ತಲಾಗುತ್ತದೆ. ಕಾರ್ಖಾನೆಯ ಯಾವ ಬ್ರೇಕರೂ ತೆರೆಯದೆ ಹೋದರೆ 11 ಕಿಲೋವೋಲ್ಟ್ ಫೀಡರೇ ಕಡಿದುಹೋಗಿ, ಅದೇ ಸಾಲಿನ ನೆರೆಯ ಕಾರ್ಖಾನೆಗಳೂ ನಿಲ್ಲಬಹುದು.

ಆದ್ದರಿಂದ ಮುಖ್ಯ ಬ್ರೇಕರಿಗೆ, ಅಂದರೆ ಇನ್‌ಕಮರಿಗೆ, ಎಲ್‌ಐ ಘಟಕ ಸಾಲದು. ಕಾಯಲು ಬಾರದ ಘಟಕಕ್ಕೆ ವಿವೇಚನೆಯಿಲ್ಲ. ಎಲ್‌ಎಸ್‌ಐ ಇಲ್ಲವೇ ಎಲ್‌ಎಸ್‌ಐಜಿ ಬೇಕು. ಅಗತ್ಯ ಬಿದ್ದರೆ ‘ಐ’ ರಕ್ಷಣೆಯನ್ನು ನಿಷ್ಕ್ರಿಯಗೊಳಿಸುವ ಅವಕಾಶವೂ ಇರಬೇಕು. ಆದರೆ ಘಟಕ ಕಾಯುವಷ್ಟು ಹೊತ್ತು ಬ್ರೇಕರಿನ ದೇಹವೂ ಆ ಪ್ರವಾಹವನ್ನು ತಾಳಬೇಕು. ಅಲ್ಪಕಾಲಿಕ ತಾಳಿಕೆಯ ಪ್ರವಾಹ ಎಂದು ಬ್ರೇಕರಿನ ಫಲಕದ ಮೇಲೆ ನಮೂದಾಗಿರುವ ಅಂಕಿ ಇದನ್ನೇ ಹೇಳುತ್ತದೆ. ಪ್ಯಾನೆಲಿನ ಬಸ್‌ಬಾರುಗಳಿಗೂ ಅದೇ ತಾಳಿಕೆ ಇರಬೇಕು.

ಕಾಯುವುದಕ್ಕೆ ಬೆಲೆಯೂ ಉಂಟು. ಪ್ಯಾನೆಲಿನೊಳಗೇ ಚಾಪ ಹೊತ್ತಿದರೆ, ಅದು ಉರಿಯುವ ಪ್ರತಿ ಕ್ಷಣಕ್ಕೂ ಹೊರಬೀಳುವ ಶಾಖ ಹೆಚ್ಚುತ್ತದೆ. ಎದುರಿಗೆ ನಿಂತ ಎಲೆಕ್ಟ್ರಿಷಿಯನ್‌ಗೆ 0.4 ಸೆಕೆಂಡು ಬಹಳ ದೀರ್ಘಕಾಲ. ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ವಲಯ ಸಂಕೇತ ವ್ಯವಸ್ಥೆ: ದೋಷವನ್ನು ಕಂಡ ಕೆಳಗಿನ ಘಟಕವು ‘ನಾನು ನೋಡಿಕೊಳ್ಳುತ್ತೇನೆ, ನೀನು ಕಾಯಿ’ ಎಂಬಂತೆ ಮೇಲಿನದಕ್ಕೆ ತಂತಿಯ ಮೂಲಕ ಸಂಕೇತ ಕಳುಹಿಸುತ್ತದೆ. ಸಂಕೇತ ಬಾರದಿದ್ದರೆ ದೋಷ ತನ್ನ ಹತ್ತಿರವೇ ಇದೆಯೆಂದು ಅರಿತು ಮೇಲಿನದು ಕಾಯದೆ ತೆರೆಯುತ್ತದೆ. ಇನ್ನೊಂದು, ದುರಸ್ತಿಯ ಹೊತ್ತಿನಲ್ಲಿ ಒಂದು ಸ್ವಿಚ್ ತಿರುಗಿಸಿ ‘ಎಸ್’ನ ತಡೆಯನ್ನು ತಾತ್ಕಾಲಿಕವಾಗಿ ತೆಗೆದುಹಾಕುವ ನಿರ್ವಹಣಾ ವಿಧಾನ. ಬಣ್ಣದ ಪರದೆಗೆ ಕೊಡುವ ಹಣವನ್ನು ಇವೆರಡಕ್ಕೆ ಕೊಡುವುದು ಹೆಚ್ಚು ಸಾರ್ಥಕ.

ಜನರೇಟರಿನ ಸಮಸ್ಯೆ

ಬೆಂಗಳೂರಿನ ಹೊರವಲಯದ ಸ್ಥಾವರಗಳಲ್ಲಿ ಅತಿ ಹೆಚ್ಚು ಕಡೆಗಣನೆಗೆ ಒಳಗಾಗುವ ವಿಷಯ ಇದು. ಒಂದು ಉದಾಹರಣೆಯ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ.

ಕಾರ್ಖಾನೆಯೊಂದರಲ್ಲಿ 1000 ಕೆವಿಎ ಪರಿವರ್ತಕ ಇದೆಯೆಂದೂ ಅದರ ಪ್ರತಿಬಾಧೆ ಶೇಕಡ 5 ಎಂದೂ ಭಾವಿಸೋಣ. 433 ವೋಲ್ಟಿನಲ್ಲಿ ಅದರ ಪೂರ್ಣ ಹೊರೆಯ ಪ್ರವಾಹ ಸುಮಾರು 1333 ಆಂಪಿಯರ್. ಅದರ ಹೊರತುದಿಯಲ್ಲಿ ಹ್ರಸ್ವಮಂಡಲವಾದರೆ ಪ್ರವಾಹ ಅದರ ಇಪ್ಪತ್ತು ಪಟ್ಟು, ಅಂದರೆ 26.7 ಕಿಲೋಆಂಪಿಯರ್‌ವರೆಗೆ ಏರಬಹುದು. ಅದೇ ಪ್ಯಾನೆಲ್‌ಗೆ 1000 ಕೆವಿಎ ಡೀಸೆಲ್ ಜನರೇಟರ್ ಕೂಡ ಜೋಡಿಸಿದೆ. 415 ವೋಲ್ಟಿನಲ್ಲಿ ಅದರ ಪೂರ್ಣ ಪ್ರವಾಹ 1391 ಆಂಪಿಯರ್. ಪರಿವರ್ತಕಕ್ಕೆ ಹೆಚ್ಚುಕಡಿಮೆ ಸಮ. ಆದರೆ ಹ್ರಸ್ವಮಂಡಲದಲ್ಲಿ ಜನರೇಟರ್ ಮೊದಲ ಕೆಲವು ಆವರ್ತಗಳಲ್ಲಿ ಮಾತ್ರ ಹತ್ತು ಹನ್ನೆರಡು ಕಿಲೋಆಂಪಿಯರ್ ಕೊಟ್ಟು, ಬಳಿಕ ಕುಗ್ಗಿಬಿಡುತ್ತದೆ. ಕ್ಷೇತ್ರ ಪ್ರವಾಹವನ್ನು ಎತ್ತಿಹಿಡಿಯುವ ವ್ಯವಸ್ಥೆ ಇರುವ ಆಲ್ಟರ್ನೇಟರ್ ತನ್ನ ಪೂರ್ಣ ಪ್ರವಾಹದ ಸುಮಾರು ಮೂರು ಪಟ್ಟನ್ನು, ಅಂದರೆ 4170 ಆಂಪಿಯರನ್ನು, ಕೆಲವು ಸೆಕೆಂಡು ಉಳಿಸಿಕೊಳ್ಳುತ್ತದೆ. ಆ ವ್ಯವಸ್ಥೆ ಇಲ್ಲದಿದ್ದರೆ ಅಷ್ಟೂ ಉಳಿಯುವುದಿಲ್ಲ.

ಈಗ ಯಂತ್ರಶಾಲೆಗೆ ಹೋಗುವ 800 ಆಂಪಿಯರ್ ಫೀಡರನ್ನು ನೋಡೋಣ. ಪರಿವರ್ತಕವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಅದರ ‘ಎಲ್’ ಅನ್ನು 800 ಆಂಪಿಯರಿಗೆ, ‘ಎಸ್’ ಅನ್ನು ಅದರ ಎಂಟು ಪಟ್ಟು, ಅಂದರೆ 6400 ಆಂಪಿಯರಿಗೆ, 0.2 ಸೆಕೆಂಡಿನ ತಡೆಯೊಡನೆ ಹೊಂದಿಸಲಾಗಿದೆ. ಜನರೇಟರಿನ ಇನ್‌ಕಮರ್ ಆಲ್ಟರ್ನೇಟರಿನ ರಕ್ಷಣೆಗಾಗಿ 3400 ಆಂಪಿಯರಿಗೆ, 0.3 ಸೆಕೆಂಡಿನ ತಡೆಯೊಡನೆ ಹೊಂದಿಕೆಯಾಗಿದೆ. ಬೆಸ್ಕಾಂ ವಿದ್ಯುತ್ ಇರುವಾಗ ಯಂತ್ರಶಾಲೆಯಲ್ಲಿ ಹ್ರಸ್ವಮಂಡಲವಾದರೆ ಫೀಡರ್ ಕ್ರಮವಾಗಿ ತೆರೆಯುತ್ತದೆ. ಜನರೇಟರ್ ನಡೆಯುತ್ತಿರುವಾಗ ಅದೇ ದೋಷವಾದರೆ, 0.2 ಸೆಕೆಂಡು ಮುಗಿಯುವುದರೊಳಗೆ ಪ್ರವಾಹ 6400ಕ್ಕಿಂತ ಕೆಳಗೆ ಕುಸಿಯಬಹುದು. ಹಾಗಾದರೆ ಫೀಡರಿನ ‘ಎಸ್’ ಎಚ್ಚರಗೊಳ್ಳುವುದೇ ಇಲ್ಲ. ಉಳಿದ ‘ಎಲ್’ ರಕ್ಷಣೆ, 6 ಪಟ್ಟಿಗೆ 12 ಸೆಕೆಂಡು ಎಂಬ ಹೊಂದಿಕೆಯಲ್ಲಿ, 4170 ಆಂಪಿಯರಿಗೆ ಸುಮಾರು 16 ಸೆಕೆಂಡು ತೆಗೆದುಕೊಳ್ಳುತ್ತದೆ. ಅದಕ್ಕೆ ಬಹಳ ಮೊದಲೇ ಇನ್‌ಕಮರ್ ತೆರೆದು ಇಡೀ ಕಾರ್ಖಾನೆ ನಿಲ್ಲುತ್ತದೆ. ಒಂದು ವೇಳೆ ಆ ಇನ್‌ಕಮರನ್ನೂ ಯಾರೋ ‘ಪದೇಪದೇ ಟ್ರಿಪ್ ಆಗುತ್ತದೆ’ ಎಂದು ಗರಿಷ್ಠಕ್ಕೆ ತಿರುಗಿಸಿಟ್ಟಿದ್ದರೆ, ಆ 16 ಸೆಕೆಂಡೂ ಕೇಬಲ್ ಉರಿಯುತ್ತಿರುತ್ತದೆ.

ಫೀಡರಿನ ‘ಎಸ್’ ಅನ್ನು ಮೂರು ಪಟ್ಟಿಗೆ, ಅಂದರೆ 2400 ಆಂಪಿಯರಿಗೆ ಇಳಿಸಿ, ತಡೆಯನ್ನು 0.1 ಸೆಕೆಂಡಿಗೆ ತಂದರೆ ಎರಡೂ ಮೂಲಗಳಲ್ಲಿ ಅದೇ ಮೊದಲು ತೆರೆಯುತ್ತದೆ. ಯಂತ್ರಶಾಲೆಯಲ್ಲಿರುವ ಅತಿ ದೊಡ್ಡ ಮೋಟಾರ್ 75 ಕಿಲೋವ್ಯಾಟಿನದಾಗಿದ್ದು, ನೇರವಾಗಿ ಚಾಲನೆಗೊಂಡಾಗ 900 ಆಂಪಿಯರ್ ಎಳೆದರೂ, ಉಳಿದ ಹೊರೆಯ 500 ಸೇರಿ ಒಟ್ಟು 1400. 2400ಕ್ಕೆ ಇದು ಸಾಕಷ್ಟು ಒಳಗಿದೆ. ಅಲ್ಲಿ 200 ಕಿಲೋವ್ಯಾಟ್ ಮೋಟಾರ್ ಇದ್ದು, ಅದೊಂದೇ 2200 ಆಂಪಿಯರ್ ಎಳೆಯುವುದಾದರೆ ಈ ಹೊಂದಿಕೆ ಸಲ್ಲದು. ಆಗ ಸಾಫ್ಟ್ ಸ್ಟಾರ್ಟರ್ ಬಳಸಬೇಕು. ಇಲ್ಲವೇ ಎರಡು ಹೊಂದಿಕೆಗಳನ್ನು ನೆನಪಿನಲ್ಲಿಟ್ಟುಕೊಂಡು, ಮೂಲ ಬದಲಾದೊಡನೆ ತಾನೂ ಬದಲಾಗುವ ಟ್ರಿಪ್ ಘಟಕವನ್ನು ಆರಿಸಬೇಕು. ದುಬಾರಿ ಘಟಕ ನಿಜವಾಗಿಯೂ ಅಗತ್ಯವಾಗುವುದು ಇಂತಹ ಸಂದರ್ಭದಲ್ಲಿ. ಚಾವಣಿಯ ಸೌರಫಲಕಗಳನ್ನು ಅದೇ ಪ್ಯಾನೆಲ್‌ಗೆ ಸೇರಿಸಿದ ಕಡೆಗಳಲ್ಲಿ, ಇನ್ವರ್ಟರಿನ ದೋಷ ಪ್ರವಾಹ ಪೂರ್ಣ ಪ್ರವಾಹಕ್ಕಿಂತ ಹೆಚ್ಚೇನೂ ಏರುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನ್ಯೂಟ್ರಲ್ ಮತ್ತು ಮೂರೂವರೆ ಕೋರ್ ಕೇಬಲ್

ಪೀಣ್ಯದ ಹೊರೆ ಬಹುಪಾಲು ಮೂರು ಫೇಸಿನ ಮೋಟಾರುಗಳದ್ದು. ಅಲ್ಲಿ ನ್ಯೂಟ್ರಲ್ ತಂತಿಗೆ ಕೆಲಸ ಕಡಿಮೆ. ಮೂರು ಪೂರ್ಣ ಕೋರುಗಳ ಜೊತೆಗೆ ನ್ಯೂಟ್ರಲ್‌ಗೆ ಸುಮಾರು ಅರ್ಧ ದಪ್ಪದ ಕೋರ್ ಇರುವ ‘ಮೂರೂವರೆ ಕೋರ್’ ಅಲ್ಯೂಮಿನಿಯಂ ಕೇಬಲ್ ಅಲ್ಲಿಗೆ ಸಾಕಾಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ಹಾಗಲ್ಲ. ಸಾವಿರಾರು ಕಂಪ್ಯೂಟರುಗಳು, ಎಲ್‌ಇಡಿ ದೀಪಗಳು ಒಂಟಿ ಫೇಸಿನವು. ಅವು ಮೂರನೆಯ ಹಾರ್ಮೋನಿಕ್ ಅನ್ನು, ಅಂದರೆ 150 ಹರ್ಟ್ಸ್ ಪ್ರವಾಹವನ್ನು, ಹುಟ್ಟಿಸುತ್ತವೆ. ಮೂರು ಫೇಸುಗಳ 50 ಹರ್ಟ್ಸ್ ಪ್ರವಾಹಗಳು ಸಮನಾಗಿದ್ದರೆ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತವೆ. ಮೂರನೆಯ ಹಾರ್ಮೋನಿಕ್‌ಗಳು ಕಳೆಯುವುದಿಲ್ಲ, ಕೂಡಿಕೊಳ್ಳುತ್ತವೆ. ಪರಿಣಾಮವಾಗಿ ನ್ಯೂಟ್ರಲ್ ಪ್ರವಾಹ ಫೇಸಿನ ಪ್ರವಾಹವನ್ನೂ ಮೀರಬಹುದು. ಅಂತಹ ಕಡೆ ಅರ್ಧ ದಪ್ಪದ ನ್ಯೂಟ್ರಲ್ ಒಳಗೊಳಗೇ ಬೇಯುತ್ತಿದ್ದರೂ, ಮೂರು ಫೇಸುಗಳನ್ನಷ್ಟೇ ನೋಡುವ ಘಟಕಕ್ಕೆ ಅದರ ಸುಳಿವು ಸಿಗುವುದಿಲ್ಲ.

ಆದ್ದರಿಂದ ನಾಲ್ಕು ಧ್ರುವಗಳ ಬ್ರೇಕರನ್ನೋ ನ್ಯೂಟ್ರಲ್‌ಗೆ ಪ್ರತ್ಯೇಕ ಸಿಟಿಯನ್ನೋ ಅಳವಡಿಸಿ, ಘಟಕದ ನ್ಯೂಟ್ರಲ್ ರಕ್ಷಣೆಯನ್ನು ಕೇಬಲಿಗೆ ತಕ್ಕಂತೆ ಹೊಂದಿಸಬೇಕು. ಅರ್ಧ ದಪ್ಪದ ನ್ಯೂಟ್ರಲ್‌ಗೆ ಶೇಕಡ 50, ಪೂರ್ಣ ದಪ್ಪದ್ದಕ್ಕೆ ಶೇಕಡ 100. ನ್ಯೂಟ್ರಲ್ ಅನ್ನು ಬೇಕೆಂದೇ ದಪ್ಪಗೆ ಮಾಡಿದ್ದರೆ ಇನ್ನೂ ಹೆಚ್ಚು. ಮೂರು ಧ್ರುವಗಳ ಬ್ರೇಕರಿನಲ್ಲಿ ‘ಜಿ’ ರಕ್ಷಣೆ ಇದ್ದು ನ್ಯೂಟ್ರಲ್ ಸಿಟಿಯನ್ನು ಜೋಡಿಸಲು ಮರೆತರೆ, ನ್ಯೂಟ್ರಲ್ ಪ್ರವಾಹವನ್ನೇ ಭೂದೋಷವೆಂದು ತಿಳಿದು ಬ್ರೇಕರ್ ಮತ್ತೆ ಮತ್ತೆ ತೆರೆಯುತ್ತದೆ. ಬೇಸತ್ತ ಸಿಬ್ಬಂದಿ ‘ಜಿ’ಯನ್ನೇ ಮುಚ್ಚಿಬಿಡುವುದು ಇದರ ಮುಂದಿನ ಅಧ್ಯಾಯ. ತಪ್ಪು ಜೋಡಣೆಯದು, ಶಿಕ್ಷೆ ರಕ್ಷಣೆಗೆ.

ಆಯ್ಕೆ

ಮೊದಲು ಬೇಕಾದುದು ಸ್ಥಾವರದ ಏಕರೇಖಾ ನಕ್ಷೆ ಮತ್ತು ಪ್ರತಿ ಮೂಲದಿಂದ ಪ್ರತಿ ಪ್ಯಾನೆಲಿಗೆ ಬರಬಹುದಾದ ಗರಿಷ್ಠ ಹಾಗೂ ಕನಿಷ್ಠ ದೋಷ ಪ್ರವಾಹದ ಲೆಕ್ಕ. ಗರಿಷ್ಠವು ಬ್ರೇಕರಿನ ಸಾಮರ್ಥ್ಯವನ್ನೂ ಕನಿಷ್ಠವು ಟ್ರಿಪ್ ಘಟಕದ ಹೊಂದಿಕೆಯನ್ನೂ ನಿರ್ಧರಿಸುತ್ತದೆ. ಎಲ್ಲ ಬ್ರೇಕರುಗಳ ಕಾಲ-ಪ್ರವಾಹ ರೇಖೆಗಳನ್ನು ಒಂದೇ ಲಾಗರಿದಮ್ ಹಾಳೆಯ ಮೇಲೆ ಎಳೆದು, ಅವು ಒಂದನ್ನೊಂದು ದಾಟದಂತೆ ನೋಡಿಕೊಳ್ಳಬೇಕು. ಈ ಹಾಳೆ ಇಲ್ಲದೆ ಘಟಕವನ್ನು ಖರೀದಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ.

ಒಂದೇ ಪರಿವರ್ತಕ, ಕೆಲವೇ ಮೋಟಾರುಗಳಿರುವ ಸಣ್ಣ ಕಾರ್ಖಾನೆಗೆ ಡಯಲುಗಳಿರುವ ಸಾಧಾರಣ ಎಲ್‌ಎಸ್‌ಐಜಿ ಘಟಕ ಧಾರಾಳವಾಗಿ ಸಾಕು. ಶ್ನೈಡರ್ ಸಂಸ್ಥೆಯ ಮೈಕ್ರೋಲಾಜಿಕ್ ಶ್ರೇಣಿಯಲ್ಲಿ ಹೆಸರಿನ ಮೊದಲ ಅಂಕಿಯೇ ರಕ್ಷಣೆಯನ್ನು ಸೂಚಿಸುತ್ತದೆ: 5 ಎಂದರೆ ಎಲ್‌ಎಸ್‌ಐ, 6 ಎಂದರೆ ಎಲ್‌ಎಸ್‌ಐಜಿ. ಎಬಿಬಿಯ ಎಕಿಪ್, ಸೀಮೆನ್ಸ್‌ನ ಇಟಿಯು ಶ್ರೇಣಿಗಳಲ್ಲಿಯೂ ಇದೇ ಬಗೆಯ ಮೆಟ್ಟಿಲುಗಳಿವೆ. ಶಕ್ತಿಯ ಬಳಕೆಯನ್ನು ಅಳೆಯುವುದು, ಮಾಡ್‌ಬಸ್ ಮೂಲಕ ಕಟ್ಟಡ ನಿರ್ವಹಣಾ ವ್ಯವಸ್ಥೆಗೆ ವರದಿ ಕಳುಹಿಸುವುದು ಮುಂತಾದವು ದೊಡ್ಡ ಸಮುಚ್ಚಯಗಳಿಗೆ ಪ್ರಯೋಜನಕರ. ಹಾಗಿದ್ದರೂ ಅವು ಅನುಕೂಲಗಳೇ ಹೊರತು ರಕ್ಷಣೆಗಳಲ್ಲ. ಬ್ರೇಕರ್ ಏಕೆ ತೆರೆಯಿತು, ಎಷ್ಟು ಪ್ರವಾಹಕ್ಕೆ ತೆರೆಯಿತು ಎಂಬುದನ್ನು ನೆನಪಿಡುವ ಸೌಲಭ್ಯ ಮಾತ್ರ ಸಣ್ಣ ಕಾರ್ಖಾನೆಗೂ ಇರಬೇಕಾದದ್ದು. ಕಾರಣ ತಿಳಿಯದ ಎಲೆಕ್ಟ್ರಿಷಿಯನ್ ಮಾಡುವ ಮೊದಲ ಕೆಲಸ ಬ್ರೇಕರನ್ನು ಮತ್ತೆ ಮುಚ್ಚುವುದು, ಅಂದರೆ ದೋಷಕ್ಕೆ ಎರಡನೆಯ ಬಾರಿ ವಿದ್ಯುತ್ ಉಣಿಸುವುದು.

ಪರೀಕ್ಷೆ ಮತ್ತು ನಿರ್ವಹಣೆ

ಕಾರ್ಖಾನೆಯಿಂದ ಹೊರಬರುವ ಘಟಕದ ಡಯಲುಗಳು ತಯಾರಕರು ಇಟ್ಟ ಸ್ಥಾನದಲ್ಲಿರುತ್ತವೆ. ಅದು ಯಾವ ಸ್ಥಾವರಕ್ಕೂ ಲೆಕ್ಕ ಹಾಕಿದ ಹೊಂದಿಕೆಯಲ್ಲ. ಚಾಲನೆಗೆ ಮುನ್ನ ದ್ವಿತೀಯಕ ಇಂಜೆಕ್ಷನ್ ಪರೀಕ್ಷೆಯಲ್ಲಿ ಘಟಕಕ್ಕೆ ಕೃತಕ ಸಂಕೇತ ಕೊಟ್ಟು ಅದರ ತೀರ್ಮಾನವನ್ನು ಪರಿಶೀಲಿಸುತ್ತಾರೆ. ಪ್ರಾಥಮಿಕ ಇಂಜೆಕ್ಷನ್‌ನಲ್ಲಿ ಕಡಿಮೆ ವೋಲ್ಟಿನ ಭಾರೀ ಪ್ರವಾಹವನ್ನೇ ಬ್ರೇಕರಿನ ಮೂಲಕ ಹಾಯಿಸುತ್ತಾರೆ. ಸಿಟಿಯ ತುದಿಗಳು ಅದಲುಬದಲಾಗಿದ್ದರೆ ತಿಳಿಯುವುದು ಎರಡನೆಯ ವಿಧಾನದಿಂದಲೇ.

ಹೆಚ್ಚಿನ ವೋಲ್ಟೇಜಿನ ಸ್ಥಾವರಗಳ ಪರಿಶೀಲನೆ ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಹೊಣೆ. ಅನುಮೋದಿತ ಹೊಂದಿಕೆಗಳನ್ನು ಬರೆದು ಪ್ಯಾನೆಲಿನ ಬಾಗಿಲಿನ ಒಳಬದಿಗೆ ಅಂಟಿಸಿ, ಡಯಲಿನ ಮುಚ್ಚಳಕ್ಕೆ ಮೊಹರು ಹಾಕುವುದು ಒಳ್ಳೆಯ ಪದ್ಧತಿ. ಹೊಸ ಯಂತ್ರ ಬಂದಾಗ, ಪರಿವರ್ತಕವನ್ನು ದೊಡ್ಡದು ಮಾಡಿದಾಗ, ಜನರೇಟರ್ ಬದಲಾದಾಗ ಆ ಹಾಳೆಯನ್ನು ಮತ್ತೆ ಲೆಕ್ಕ ಹಾಕಿ ಬರೆಯಬೇಕಾಗುತ್ತದೆ.